ಕುದುರೆಗೆ ಅಲ್ಲಿ ಸವಾರ ಅಂತಾರೆ

ಅಥೆನ್ಸ್‌ನ ಮೊನಾಸ್ಟಿರಾಕಿಯಲ್ಲಿ ಭಾನುವಾರ ಹಳೇ ಸಾಮಾನಿನ ಸಂತೆ ಜೋರು. ಕೆಟ್ಟ ರೇಡಿಯೋ, ಕಾಲು ಮುರಿದ ಕುರ್ಚಿಗಳ ನಡುವೆ ಒಂದು ಬುಜೂಕಿ, ಉದ್ದ ದಂಡಿಯ ಗ್ರೀಕ್ ತಂತಿವಾದ್ಯ, ಬೋರಲು ಬಿದ್ದಿತ್ತು. 90 ಯೂರೋ ಕೊಟ್ಟು ತಂದೆ. ಮೂರು ಜೋಡಿ, ಒಟ್ಟು ಆರು ತಂತಿಯ ಹಳೇ ಮಾದರಿ. ಹಳೇ ತಲೆಮಾರಿನ ಹೆಸರಾಂತ ಬುಜೂಕಿ ವಾದಕ ಮಾರ್ಕೋಸ್ ವಮ್ವಕಾರಿಸ್ ನುಡಿಸುತ್ತಿದ್ದದ್ದು ಈ ಮೂರು ಜೋಡಿಯದ್ದೇ. ನಾಲ್ಕು ಜೋಡಿಯದ್ದು 1950ರ ದಶಕದಲ್ಲಿ ಇನ್ನೊಬ್ಬ ವಾದಕ ಮನೋಲಿಸ್ ಹಿಯೋಟಿಸ್ ಅವರಿಂದ ಜನಪ್ರಿಯವಾಯಿತು.

ನಾನು ಅಥೆನ್ಸ್ ಬಳಿಯ ಪೆರಾಮಾದಲ್ಲಿ ಹಡಗು ರಿಪೇರಿ ಕೆಲಸದಲ್ಲಿದ್ದೇನೆ. ಬುಜೂಕಿಯ ಬುರುಡೆಗೆ ಗ್ರೀಕರು 'ಸ್ಕಾಫೋಸ್' ಅನ್ನುತ್ತಾರೆ. ದೋಣಿಯ ಒಡಲಿಗೂ ಅದೇ ಮಾತು. ತಿರುಗಿಸಿ ನೋಡಿದರೆ ನಿಜಕ್ಕೂ ದೋಣಿಯೇ. ಬಾಗಿಸಿದ ತೆಳು ಪಟ್ಟಿಗಳನ್ನು ಒಂದರ ಪಕ್ಕ ಒಂದು ಅಂಟಿಸಿ ಮಾಡಿದ್ದು. ನನ್ನದರಲ್ಲಿ ನಾಲ್ಕು ಕಡೆ ಸೇರುವೆ ಬಿಟ್ಟು ಬೆಳಕು ಕಾಣುತ್ತಿತ್ತು.

ಪಕ್ಕದ ಬಂದರು ಪಿರೇಯಸ್‌ನಲ್ಲಿ ವಾದ್ಯ ಮಾಡುವ ಹಿರಿಯರೊಬ್ಬರಿದ್ದಾರೆ. ಎಲ್ಲರೂ ಅವರನ್ನು 'ಮಾಸ್ಟೊರಾ' ಅಂತ ಕರೆಯುತ್ತಾರೆ, ನಮ್ಮ ಮೇಸ್ತ್ರಿ ಇದ್ದ ಹಾಗೆ. ಅವರು ಬುರುಡೆ ಕಡೆ ನೋಡಲೇ ಇಲ್ಲ. ಕಣ್ಣ ಮಟ್ಟಕ್ಕೆ ಎತ್ತಿ, ಬಂದೂಕು ಗುರಿಯಿಡುವವರ ಹಾಗೆ ದಂಡಿಯ ಉದ್ದಕ್ಕೂ ನೋಡಿದರು. "ತೂತು ಮುಚ್ಚೋದು ಯಾರಿಗಾದ್ರೂ ಬರುತ್ತೆ, ಮಗು. ಇದು ಬಾಗಿದೆ" ಅಂದರು.

ಸರಿ, ಸುಲಭದ್ದು ಮೊದಲು ಮುಗಿಸಿದೆ. ಪ್ರಾಣಿಗಳ ಚರ್ಮದಿಂದ ಮಾಡುವ ಹಳೇ ಅಂಟನ್ನು ರಾತ್ರಿ ನೀರಲ್ಲಿ ನೆನೆಸಿ, ಬಿಸಿನೀರಿನ ಪಾತ್ರೆಯೊಳಗಿಟ್ಟು 60 ಡಿಗ್ರಿಯಲ್ಲಿ ಕರಗಿಸಿದೆ. ಕುದಿಸಿದರೆ ಶಕ್ತಿ ಹೋಗುತ್ತದೆ. ಬಿರುಕಿಗೆ ತುಂಬಿ ಸೈಕಲ್ ಟ್ಯೂಬ್ ಸುತ್ತಿ ಬಿಗಿದೆ. ಈಗಿನ ಬಿಳಿ ಅಂಟು ಯಾಕೆ ಬೇಡ? ಈ ಅಂಟು ಬಿಸಿ, ತೇವ ಕೊಟ್ಟರೆ ಮತ್ತೆ ಬಿಡುತ್ತದೆ. ಮುಂದೆ ರಿಪೇರಿ ಮಾಡುವವರು ನನ್ನನ್ನು ಬೈಯಬಾರದು ನೋಡಿ.

ಒಳಗೆ ಮೇಲ್ಹಲಗೆಯ ಒಂದು ಅಡ್ಡಪಟ್ಟಿ ಸಡಿಲವಾಗಿತ್ತು. ಹಳೇ ಅಂಟು ಬಿಡಿಸಲು ಹಬೆ ಕೊಡುವಾಗ ಆತುರಪಟ್ಟೆ. ಮೇಲಿನ ಶೆಲ್ಯಾಕ್ ಪಾಲಿಶ್ ಹಾಲಿನ ಹಾಗೆ ಬೆಳ್ಳಗಾಯಿತು. ಎದೆ ಧಸಕ್ಕೆಂದಿತು. ಸ್ಪಿರಿಟ್‌ನಲ್ಲಿ ಬಟ್ಟೆ ಸ್ವಲ್ಪವೇ ಅದ್ದಿ ಹಗುರವಾಗಿ ಸವರಿದ ಮೇಲೆ ಕಲೆ ಹೋಯಿತು. ಪೂರ್ತಿ ಉಜ್ಜಿ ಹೊಸ ಪಾಲಿಶ್ ಕೊಡುವ ಆಸೆ ಬಂದಿತ್ತು, ಕೊಡಲಿಲ್ಲ. ತೆಳ್ಳಗಿನ ಹಲಗೆ, ಉಜ್ಜಿದಷ್ಟೂ ಸವೆಯುತ್ತದೆ.

ದಂಡಿಗೆ ಎರಡು ತಿಂಗಳು ಹಿಡಿಯಿತು. ಸ್ಟೀಲ್ ಪಟ್ಟಿ ಇಟ್ಟರೆ ನಡುವೆ 2 ಮಿಲಿಮೀಟರ್ ಸಂದು. ಗಿಟಾರ್‌ನಲ್ಲಿ ತಿರುಗಿಸಿ ನೆಟ್ಟಗೆ ಮಾಡಲು ಒಳಗೊಂದು ಕಂಬಿ ಇರುತ್ತದಲ್ವಾ, ಇದರಲ್ಲಿ ಇಲ್ಲ. ದಪ್ಪ ಅಲ್ಯೂಮಿನಿಯಂ ಪಟ್ಟಿಯನ್ನು ಬಿಸಿ ಮಾಡಿ, ದಂಡಿಯನ್ನು ಹಿಂದಕ್ಕೆ ಸ್ವಲ್ಪ ಜಾಸ್ತಿಯೇ ಬಾಗಿಸಿ, ಕ್ಲ್ಯಾಂಪ್ ಹಾಕಿ ರಾತ್ರಿಯಿಡೀ ಬಿಟ್ಟೆ. ಬಿಚ್ಚಿದರೆ ಅರ್ಧ ವಾಪಸ್ ಬಂತು. ಮತ್ತೆ ಬಿಸಿ, ಮತ್ತೆ ಕ್ಲ್ಯಾಂಪ್. ಮೂರನೇ ಸಲಕ್ಕೆ ಅರ್ಧ ಮಿಲಿಮೀಟರ್ ಉಳಿಯಿತು. ಆಮೇಲೆ ಅದು ಜಗ್ಗಲಿಲ್ಲ.

ಉಳಿದದ್ದನ್ನು ಮೆಟ್ಟಿಲು, ಅಂದರೆ ದಂಡಿಯ ಮೇಲೆ ಸ್ವರಕ್ಕೊಂದರಂತೆ ಅಡ್ಡಕ್ಕಿರುವ ಲೋಹದ ಪಟ್ಟಿ, ಕಿತ್ತು ಸರಿ ಮಾಡಬೇಕಾಯಿತು. ಫೋನಿನಲ್ಲಿ ಹೇಳಿದಾಗ ಅಮ್ಮ, "ಮೇಣ ಕಾಯಿಸಿ ಕೂರಿಸೋದಲ್ವೇನೋ?" ಅಂದರು. ಅವರು ವೀಣೆ ಕಲಿಸಿದವರು, ವೀಣೆಯ ಮೆಟ್ಟಿಲು ಕೂರುವುದು ಮೇಣದಲ್ಲಿ. ಇಲ್ಲಿ ಮೇಣ ಇಲ್ಲಮ್ಮ, ಮರದಲ್ಲಿ ಗೀರು ಕೊಯ್ದು ತಂತಿಯ ಮೆಟ್ಟಿಲು ಬಡಿದಿರುತ್ತಾರೆ ಅಂದೆ. ಒಂದೊಂದಕ್ಕೂ ಸೋಲ್ಡರಿಂಗ್ ಐರನ್ನಿನ ಬಿಸಿ ಮುಟ್ಟಿಸಿ, ಇಕ್ಕಳದಲ್ಲಿ ಮೆಲ್ಲಗೆ ಎತ್ತಬೇಕು. ಎಳೆದರೆ ಮರದ ಚಕ್ಕೆ ಏಳುತ್ತದೆ. ಎರಡು ಕಡೆ ಎದ್ದಿತು, ಅಲ್ಲೇ ಅಂಟಿಸಿದೆ. ನೇರ ಪಟ್ಟಿಗೆ ಸ್ಯಾಂಡ್‌ಪೇಪರ್ ಅಂಟಿಸಿ ಮಟ್ಟ ಮಾಡಿ, ಗೀರುಗಳನ್ನು ಮತ್ತೆ ಆಳ ಮಾಡಿ, ಹೊಸ ಮೆಟ್ಟಿಲುಗಳನ್ನು ಮೊದಲು ಎರಡೂ ತುದಿ, ಆಮೇಲೆ ನಡು ಅಂತ ಬಡಿದೆ. ಕೊನೆಗೆ ಅರ ಹಿಡಿದು ಎಲ್ಲವನ್ನೂ ಒಂದೇ ಎತ್ತರಕ್ಕೆ ತಂದೆ. ಮೊದಲು 12ನೇ ಮೆಟ್ಟಿಲ ಮೇಲೆ ತಂತಿ 6 ಮಿಲಿಮೀಟರ್ ಎತ್ತರದಲ್ಲಿತ್ತು. ಈಗ ಎರಡಕ್ಕಿಂತ ಚೂರು ಜಾಸ್ತಿ.

ಬಿರಡೆಗಳು ತುಕ್ಕು ಹಿಡಿದಿದ್ದವು, ಎಣ್ಣೆ ಬಿಟ್ಟರೆ ಸಾಕಾಯಿತು.

ತಂತಿ ಹೊರುವ ಕುದುರೆಗೆ ಇಲ್ಲಿ 'ಕವಲಾರಿಸ್' ಅನ್ನುತ್ತಾರೆ, ಅಂದರೆ ಸವಾರ. ನಾವು ಕುದುರೆ ಅಂದರೆ ಇವರು ಮೇಲೆ ಕೂತವನನ್ನು ಹೆಸರಿಸಿದ್ದಾರೆ. ಅದನ್ನು ಅಂಟಿಸುವುದಿಲ್ಲ, ತಂತಿಯ ಒತ್ತಡವೇ ಹಿಡಿದಿಡುತ್ತದೆ. ಹಾಗಾಗಿ ಜಾಗ ನಾವೇ ಹುಡುಕಬೇಕು. ದಂಡಿಯ ಮೇಲ್ತುದಿಯಲ್ಲಿ ತಂತಿ ಹಾದುಹೋಗುವ ಪಟ್ಟಿಯಿಂದ 12ನೇ ಮೆಟ್ಟಿಲಿಗೆ ಎಷ್ಟು ದೂರವೋ ಅದರ ಎರಡರಷ್ಟು, ಅದಕ್ಕೆ ಮತ್ತೆ ಒಂದೆರಡು ಮಿಲಿಮೀಟರ್. ಆಮೇಲೆ ಕಿವಿಯೇ ಗತಿ. 12ರಲ್ಲಿ ಒತ್ತಿದ ಸ್ವರ, ಬೆರಳು ಸುಮ್ನೆ ತಾಗಿಸಿದಾಗ ಬರುವ ಸ್ವರ, ಎರಡೂ ಒಂದಾಗುವ ತನಕ ಸರಿಸುತ್ತಾ ಹೋದೆ.

ಶ್ರುತಿ ರೆ-ಲಾ-ರೆ. ನಮ್ಮ ಲೆಕ್ಕದಲ್ಲಿ ಸಾ-ಪ-ಸಾ. ದಪ್ಪ ಜೋಡಿಯಲ್ಲಿ ಒಂದು ತಂತಿ ಮಂದ್ರ, ಇನ್ನೊಂದು ಅದರ ಮೇಲಿನ ಸ್ಥಾಯಿ. ಒಂದೇ ದಿನ ಪೂರ್ತಿ ಬಿಗಿಯಲಿಲ್ಲ. ಎರಡು ಸ್ವರ ಕೆಳಗೇ ಒಂದು ವಾರ ಬಿಟ್ಟು, ಅಂಟು ಹಿಡಿದಿದೆಯಾ ಅಂತ ದಿನಾ ಬುರುಡೆ ತಡವಿ ನೋಡಿ, ಆಮೇಲೆ ಏರಿಸಿದೆ.

ಮಾಸ್ಟೊರಾ ಅಂಗಡಿಗೆ ಒಯ್ದೆ. ನನಗೆ ಬರುವುದು ಸರಳೆ ವರಸೆ ಒಂದೇ. ಮಾಯಾಮಾಳವಗೌಳದಲ್ಲಿ ಸ-ರಿ-ಗ-ಮ ಮೀಟಿದೆ. ಅವರು ಕೆಲಸ ನಿಲ್ಲಿಸಿ, "ಹಿಜಾಜ್‌ಕ್ಯಾರ್! ನಿನಗೆ ಯಾರು ಕಲಿಸಿದ್ರು?" ಅಂದರು. ಅದೇ ಸ್ವರಗಳ ಸಾಲಿಗೆ ಇಲ್ಲಿ ಆ ಹೆಸರು. ಅಮ್ಮ ಅಂದೆ. ಸ್ವಲ್ಪ ಹೊತ್ತು ಕೇಳಿ, ಬಿರಡೆಯ ಕಡೆ ಬೆರಳು ತೋರಿಸಿದರು.

"ದಪ್ಪ ರೆ ಇಳಿದಿದೆ. ಏರಿಸು."