ಅಡುಗೆಮನೆಯನ್ನು ಹಂತ ಹಂತವಾಗಿ ನವೀಕರಿಸುವವರು ಗಮನಿಸಬೇಕಾದ ಕ್ರಮ

ಅಡುಗೆಮನೆಯ ನವೀಕರಣವನ್ನು ಒಂದೇ ಸಲಕ್ಕೆ ಮುಗಿಸಲಾಗದೆ ಹಂತ ಹಂತವಾಗಿ ಮಾಡಿಸಲು ಹೊರಟಿರುವ ದಂಪತಿ, ಮೊದಲ ಹಂತದ ಹಣವನ್ನು ಕಣ್ಣಿಗೆ ಕಾಣುವ ಕಪಾಟುಗಳಿಗಲ್ಲ, ಗೋಡೆಯೊಳಗೆ ಮುಚ್ಚಿಹೋಗುವ ನೀರಿನ ಕೊಳವೆ ಮತ್ತು ವೈರಿಂಗ್‌ಗೆ ಮೀಸಲಿಡುವುದು ಒಳಿತು. ಓವನ್, ಡಿಶ್‌ವಾಷರ್‌ಗಳಂತಹ ಉಪಕರಣಗಳನ್ನು ಎರಡು ವರ್ಷ ಬಿಟ್ಟು ಕೊಳ್ಳುವುದಾದರೂ ಅವುಗಳಿಗೆ ಬೇಕಾದ ಪ್ರತ್ಯೇಕ ಸರ್ಕ್ಯೂಟ್, ನೀರಿನ ಸಂಪರ್ಕ ಹಾಗೂ ಹೊರಹರಿವಿನ ಕೊಳವೆಗಳನ್ನು ಈಗಲೇ ಹಾಕಿಸಿಕೊಂಡರೆ, ಹೊಸ ಟೈಲ್ಸ್ ಒಡೆಸುವ ಪ್ರಮೇಯ ಬರುವುದಿಲ್ಲ. ಗಾರೆ ಮೆತ್ತುವ ಮುನ್ನ ಗೋಡೆಗೆ ಟೇಪು ಹಿಡಿದು, ನೆಲದಿಂದ ಮತ್ತು ಮೂಲೆಯಿಂದ ಪ್ರತಿ ಕೊಳವೆ ಎಷ್ಟು ದೂರದಲ್ಲಿದೆ ಎಂಬುದು ಕಾಣುವಂತೆ ಫೋಟೊ ತೆಗೆದಿಟ್ಟುಕೊಳ್ಳಿ. ಮುಂದೆ ಕಪಾಟು ತೂಗುಹಾಕಲು ಡ್ರಿಲ್ ಮಾಡುವವರಿಗೆ ಇದಕ್ಕಿಂತ ಒಳ್ಳೆಯ ನಕ್ಷೆ ಬೇರೊಂದಿಲ್ಲ.

ಕಲ್ಲಿನ ಕಟ್ಟೆಯ ಅಳತೆಯಲ್ಲಿ ಅವಸರ ಸಲ್ಲದು. ಕೆಳಗಿನ ಕಪಾಟುಗಳನ್ನು ಕೂರಿಸಿ, ರಸಮಟ್ಟ ಇಟ್ಟು ನೋಡಿದ ಮೇಲಷ್ಟೇ ಅಳತೆ ತೆಗೆಸಬೇಕು, ಏಕೆಂದರೆ ಹಳೆಯ ಮನೆಗಳ ಮೂಲೆಗಳು ಸರಿಯಾಗಿ 90 ಡಿಗ್ರಿ ಇರುವುದು ಅಪರೂಪ. ಸಿಂಕ್ ಮತ್ತು ಒಲೆಯನ್ನು ಅದಕ್ಕೂ ಮೊದಲೇ ಕೊಂಡಿರಬೇಕು. ಕಲ್ಲಿನಲ್ಲಿ ಕೊರೆದ ಕಂಡಿಯನ್ನು ಹಿಗ್ಗಿಸಬಹುದೇ ಹೊರತು ಕುಗ್ಗಿಸಲಾಗದು. ಕಟ್ಟೆಯ ಎತ್ತರ ಸಾಮಾನ್ಯವಾಗಿ 85ರಿಂದ 90 ಸೆಂಟಿಮೀಟರ್ ಇರುತ್ತದೆಯಾದರೂ, ಇಬ್ಬರ ಎತ್ತರದಲ್ಲಿ ಬಹಳ ವ್ಯತ್ಯಾಸವಿದ್ದರೆ, ಹೆಚ್ಚು ಹೊತ್ತು ನಿಂತು ತರಕಾರಿ ಹೆಚ್ಚುವವರ ಮೊಣಕೈಗಿಂತ 10ರಿಂದ 15 ಸೆಂಟಿಮೀಟರ್ ಕೆಳಗೆ ಇರಿಸುವುದು ನ್ಯಾಯ. (ಅದು ಯಾರೆಂಬ ತೀರ್ಮಾನವನ್ನು ಕೆಲಸದವರ ಎದುರು ಮಾಡದಿರುವುದು ಕ್ಷೇಮ.)

ಟೈಲ್ಸ್ ಅನ್ನು ಎಲ್ಲ ಹಂತಗಳಿಗೂ ಸೇರಿಸಿ ಒಂದೇ ಬ್ಯಾಚ್‌ನಲ್ಲಿ, ಶೇ. 10ರಷ್ಟು ಹೆಚ್ಚಾಗಿಯೇ ಕೊಳ್ಳಿ. ಬ್ಯಾಚ್ ಬದಲಾದರೆ ಬಣ್ಣದ ಛಾಯೆಯೂ ಬದಲಾಗಬಹುದು. ಪ್ರತಿ ಹಂತ ಮುಗಿದಾಗಲೂ ಒಂದು ಸಿಂಕ್, ಒಂದು ಒಲೆ ಬಳಕೆಗೆ ಸಿಗುವಂತೆ ಕೆಲಸವನ್ನು ಹಂಚಿಕೊಳ್ಳಿ.