ಟ್ರೈಲರ್ ಎಳೆಯಲು ಹಳೇ ಪಿಕಪ್: ಘಾಟಿಯಲ್ಲಿ ಕೈಕೊಡದ ಗಾಡಿ ಆರಿಸುವುದು ಹೇಗೆ?

ಕೊಯ್ಲು ಮುಗಿದು ಫೆಬ್ರವರಿ ಬಂತೆಂದರೆ ಕೊಡಗಿನ ರೋಬಸ್ಟಾ ತೋಟಗಳಲ್ಲಿ ಹೂವಿಗೆ ನೀರು ಕೊಡುವ ಗಡಿಬಿಡಿ. ಡೀಸೆಲ್ ಪಂಪ್‌ಸೆಟ್ ಕೆರೆ ಏರಿಗೆ ಹೋಗಬೇಕು, ಸ್ಪ್ರಿಂಕ್ಲರ್ ಪೈಪು ಗುಡ್ಡ ಹತ್ತಬೇಕು. ಮಳೆಗೆ ಮುಂಚೆ ಗಿಡಗಳಿಗೆ ಬೋರ್ಡೋ ದ್ರಾವಣ ಹೊಡೆಯಲು ನೀರಿನ ಟ್ಯಾಂಕು ಬೇಕು. ಟ್ರ್ಯಾಕ್ಟರ್ ಇಲ್ಲದ ಸಣ್ಣ ತೋಟದವರಿಗೆ ಒಂದು ಪಿಕಪ್ಪು, ಅದರ ಹಿಂದೊಂದು ಟ್ರೈಲರ್ ಇದ್ದರೆ ಈ ಕೆಲಸಗಳೆಲ್ಲ ಸಲೀಸು. ಹೊಸ ಗಾಡಿ ತೆಗೆಯುವುದು ಎಲ್ಲರ ಕೈಲಿ ಆಗುವ ಮಾತಲ್ಲ. ಹಾಗಾಗಿ ಸೆಕೆಂಡ್ ಹ್ಯಾಂಡ್ ಹುಡುಕಾಟ.

ಹುಡುಕಲು ಹೊರಟವರು ಮೊದಲು ಕೇಳುವುದು "ಎಷ್ಟು ಎಳೆಯುತ್ತೆ?" ಅಂತ. ನನ್ನ ಪ್ರಕಾರ ಅದು ಎರಡನೇ ಪ್ರಶ್ನೆ. ಕಂಡೀಷನ್ ಚೆನ್ನಾಗಿರುವ ಯಾವ ಡೀಸೆಲ್ ಪಿಕಪ್ಪೂ ಒಂದು ಮಟ್ಟಿಗೆ ಎಳೆಯುತ್ತದೆ. ಒಂದು ಟನ್ ಭಾರ ಹಿಂದಿನಿಂದ ನೂಕುತ್ತಿರುವಾಗ ಸಂಪಾಜೆ ಘಾಟಿಯಲ್ಲಿ ಇಳಿಯುತ್ತಾ, ಬೇಕಾದ ಕಡೆ ನಿಲ್ಲುತ್ತಾ ಎನ್ನುವುದೇ ನಿಜವಾದ ಪ್ರಶ್ನೆ. ಮುಂದೆ ಹೇಳುವುದೆಲ್ಲ ಅದನ್ನೇ ಹಿಡಿದುಕೊಂಡು.

1. ಗಾಡಿಗಿಂತ ಮೊದಲು ಭಾರ ಗೊತ್ತಿರಲಿ

ಸಾವಿರ ಲೀಟರ್ ಟ್ಯಾಂಕು ತುಂಬಿದರೆ ನೀರೇ ಒಂದು ಟನ್. ಟ್ರೈಲರಿನ ಕಬ್ಬಿಣದ ತೂಕ ಬೇರೆ. ಅಂದಾಜಿಗೆ ಹೋಗಬೇಡಿ. ಟ್ರೈಲರ್ ಈಗಾಗಲೇ ಇದ್ದರೆ ಲೋಡ್ ಹಾಕಿ ವೇಬ್ರಿಡ್ಜ್ ಮೇಲೆ ಒಮ್ಮೆ ನಿಲ್ಲಿಸಿ. ಒಟ್ಟು ತೂಕದ ಸುಮಾರು 10 ರಿಂದ 15 ಶೇಕಡಾ ಭಾರ ಟ್ರೈಲರ್ ಸಿಕ್ಕಿಸುವ ಪಿಕಪ್ಪಿನ ಕೊಕ್ಕೆಯ ಮೇಲೆ ಕೂರಬೇಕು. ಅಂದರೆ 1,200 ಕಿಲೋ ಟ್ರೈಲರಿಗೆ ಕನಿಷ್ಠ 120 ಕಿಲೋ. ಅದಕ್ಕಿಂತ ಕಡಿಮೆಯಾಗಿ ಭಾರ ಹಿಂದಕ್ಕೆ ಬಿದ್ದರೆ ಇಳಿಜಾರಿನಲ್ಲಿ ಟ್ರೈಲರ್ ಆ ಕಡೆ ಈ ಕಡೆ ಬೀಸತೊಡಗುತ್ತದೆ. ಕೊಕ್ಕೆಯ ಮೇಲಿನ ಈ ಭಾರವನ್ನು ಪಿಕಪ್ಪು ಹೊರುವ ಲೋಡಿನ ಲೆಕ್ಕಕ್ಕೇ ಸೇರಿಸಬೇಕು. ಟ್ರೈಲರಿನಲ್ಲೂ ಲೋಡು, ಬಾಡಿಯಲ್ಲೂ ಗೊಬ್ಬರದ ಮೂಟೆ ಅಂದರೆ ಲೆಕ್ಕ ತಪ್ಪುತ್ತದೆ.

ಇನ್ನೊಂದು ಮಾತು. ಅರ್ಧ ತುಂಬಿದ ಟ್ಯಾಂಕು ಪೂರ್ತಿ ತುಂಬಿದ್ದಕ್ಕಿಂತ ಅಪಾಯ. ತಿರುವಿನಲ್ಲಿ ನೀರು ಒಂದೇ ಕಡೆ ನುಗ್ಗುತ್ತದೆ.

2. ಯಾವ ಗಾಡಿ?

ನಮ್ಮ ಕಡೆ ಜಾಸ್ತಿ ಸಿಗುವುದು ಮಹೀಂದ್ರಾ ಬೊಲೆರೋ ಪಿಕಪ್ ಮತ್ತು ಕ್ಯಾಂಪರ್. ನೋಡಲು ಏನೂ ಅಂದವಿಲ್ಲ, ಒಳಗೆ ಕೂತರೆ ಸದ್ದು. ಆದರೂ ತೋಟದ ಕೆಲಸಕ್ಕೆ ನಾನು ಮೊದಲು ಅದನ್ನೇ ನೋಡುತ್ತೇನೆ. ಗೋಣಿಕೊಪ್ಪಲಿನಲ್ಲಿ, ಕುಶಾಲನಗರದಲ್ಲಿ ಸಾಮಾನು ಸಿಗುತ್ತೆ, ಬಿಚ್ಚಿ ಜೋಡಿಸಲು ಗೊತ್ತಿರುವ ಮೇಸ್ತ್ರಿ ಊರಿಗೊಬ್ಬರು ಇರುತ್ತಾರೆ. ಕ್ಯಾಂಪರಿನಲ್ಲಿ ಫೋರ್ ವೀಲ್ ಡ್ರೈವ್ ಸಿಕ್ಕರೆ ಮಳೆಗಾಲದ ತೋಟದ ದಾರಿಗೆ ಒಳ್ಳೆಯದು.

ಭಾರ ಜಾಸ್ತಿ, ಹೆದ್ದಾರಿ ಓಡಾಟವೂ ಜಾಸ್ತಿ ಅಂದರೆ ಇಸುಝು ವಿ-ಕ್ರಾಸ್ ನೋಡಬಹುದು. 2016ರಲ್ಲಿ ಬಂದ ಅದರ 2.5 ಲೀಟರ್ ಎಂಜಿನ್ 320 ಎನ್‌ಎಂ ಟಾರ್ಕ್ (ಎಳೆಯುವ ಬಲ) ಕೊಡುತ್ತದೆ, ಆಮೇಲೆ ಬಂದ 1.9 ಲೀಟರಿನದ್ದು 350 ರಿಂದ 360. ಗಾಡಿ ಗಟ್ಟಿ. ಸಾಮಾನು ಮಾತ್ರ ಬೊಲೆರೋದಷ್ಟು ಅಗ್ಗವಲ್ಲ, ಪೇಟೆಯ ಎಲ್ಲ ಅಂಗಡಿಯಲ್ಲೂ ಇರುವುದಿಲ್ಲ. ಸ್ಕಾರ್ಪಿಯೋ ಗೆಟ್‌ಅವೇ, ಟಾಟಾ ಝೆನಾನ್ ಎರಡೂ ಕಂಪನಿ ನಿಲ್ಲಿಸಿದ ಮಾಡೆಲ್‌ಗಳು. ಗೆಟ್‌ಅವೇಗೆ ಸ್ಕಾರ್ಪಿಯೋ ಎಂಜಿನ್ ಇರುವುದರಿಂದ ಆ ಸಾಮಾನಿಗೆ ತೊಂದರೆಯಿಲ್ಲ, ಹಿಂದಿನ ಬಾಡಿಯ ಸಾಮಾನಿಗೆ ಅಲೆಯಬೇಕು. ಟೊಯೋಟಾ ಹೈಲಕ್ಸ್ ಇಲ್ಲಿಗೆ ಬಂದದ್ದೇ 2022ರಲ್ಲಿ. ಹಳೆಯದು ಸಿಕ್ಕರೂ ರೇಟು ಕೇಳಿ ವಾಪಸ್ ಬರಬೇಕು!

2020ರ ಏಪ್ರಿಲ್ ನಂತರದ ಬಿಎಸ್-6 (ಹೊಸ ಹೊಗೆ ನಿಯಮದ) ಡೀಸೆಲ್ ಗಾಡಿಯಾದರೆ ಒಂದು ಯೋಚನೆ. ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುವ ಮಾಡೆಲ್‌ಗಳಲ್ಲಿ ಆ ಮಸಿ ಸುಟ್ಟುಹೋಗಬೇಕಾದರೆ ಗಾಡಿ ಆಗಾಗ ದೂರ ಓಡಬೇಕು. ಮನೆಯಿಂದ ಕಣಕ್ಕೆ, ಕಣದಿಂದ ಕೆರೆಗೆ ಅಷ್ಟೇ ಓಡಿದರೆ ಅದು ಕಟ್ಟಿಕೊಳ್ಳುತ್ತದೆ. ಅಂಥ ಓಡಾಟಕ್ಕೆ ಹಳೆಯ ಬಿಎಸ್-4 ಗಾಡಿಯೇ ವಾಸಿ.

ಯಾವುದೇ ಆಗಲಿ, ಓನರ್ಸ್ ಮ್ಯಾನ್ಯುಯಲ್ ತೆಗೆದು ಟ್ರೈಲರ್ ಬಗ್ಗೆ ಏನು ಬರೆದಿದ್ದಾರೆ ನೋಡಿ. ಬರೆದಿಲ್ಲದಿದ್ದರೆ ಆ ಕಂಪನಿಯ ಸರ್ವಿಸ್ ಸೆಂಟರಿನಲ್ಲಿ ಕೇಳಿ. ಬ್ರೋಕರ್ ಮಾತು ಇದಕ್ಕೆ ಆಧಾರವಲ್ಲ.

3. ಗಾಡಿಯ ಅಡಿಗೆ ನುಗ್ಗಿ

ಇಲ್ಲಿ ಸಮಯ ಕೊಡಿ. ಹಳೇ ಗೋಣಿಚೀಲ ಹಾಸಿಕೊಂಡು, ಟಾರ್ಚ್ ಮತ್ತು ಸ್ಕ್ರೂ ಡ್ರೈವರ್ ಹಿಡಿದು ಅಡಿಗೆ ಮಲಗಿ. ಉದ್ದಕ್ಕೆ ಹೋಗುವ ಎರಡು ಚಾಸಿ ಪಟ್ಟಿಗಳನ್ನು ಹಿಂದಿನಿಂದ ಮುಂದಕ್ಕೆ ತಟ್ಟುತ್ತಾ ಬನ್ನಿ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ, ಒಳಗೆ ತುಕ್ಕು ತಿಂದದ್ದು ಮಂಕಾಗಿ ಸದ್ದು ಮಾಡುತ್ತದೆ. ಇಡೀ ಗಾಡಿ ಧೂಳಾಗಿದ್ದು ಚಾಸಿಗೆ ಮಾತ್ರ ಹೊಸದಾಗಿ ಕಪ್ಪು ಬಣ್ಣ ಬಳಿದಿದ್ದರೆ ಅಲ್ಲಿ ಉಗುರಿನಿಂದ ಕೆರೆಯಿರಿ. ಓನರ್ ಮುಖ ಸಪ್ಪಗಾದರೆ ಆಗಲಿ.

ನಮ್ಮ ಮಳೆಯೊಂದೇ ಸಾಕು ಕಬ್ಬಿಣ ತಿನ್ನಲು. ಅದರ ಮೇಲೆ ತೋಟದ ಗಾಡಿ ಗೊಬ್ಬರ ಹೊತ್ತಿರುತ್ತದೆ, ಮೈಲುತುತ್ತ ಹೊತ್ತಿರುತ್ತದೆ. ಎರಡೂ ತೇವ ಸೇರಿದರೆ ಕಬ್ಬಿಣಕ್ಕೆ ಆಗದವು. ಬಾಡಿಯ ಮ್ಯಾಟ್ ಎತ್ತಿಸಿ ಮೂಲೆಗಳನ್ನು ನೋಡಿ.

ಈಗಾಗಲೇ ಕೊಕ್ಕೆ ಹಾಕಿಸಿದ ಗಾಡಿಯಾದರೆ ಅದು ಎಲ್ಲಿ ಕೂತಿದೆ ಅನ್ನುವುದು ಮುಖ್ಯ. ಎರಡೂ ಚಾಸಿ ಪಟ್ಟಿಗಳಿಗೆ ಬೋಲ್ಟ್ ಆಗಿರಬೇಕು. ಬರೀ ಬಂಪರಿಗೆ ವೆಲ್ಡಿಂಗ್ ಮಾಡಿದ್ದರೆ ಅದು ಟ್ರೈಲರಿಗಲ್ಲ. ಬೋಲ್ಟ್ ತೂತಿನ ಸುತ್ತ ಕೂದಲೆಳೆಯಂಥ ಬಿರುಕು ಇದೆಯಾ ನೋಡಿ. ತೂತು ಉದ್ದಕ್ಕೆ ಹಿಗ್ಗಿದ್ದರೆ ಆ ಗಾಡಿ ಮಿತಿ ಮೀರಿ ಎಳೆದಿದೆ. ಹಿಂದಿನ ಲೀಫ್ ಸ್ಪ್ರಿಂಗ್ ಒಂದು ಕಡೆ ಕುಸಿದಿದೆಯಾ, ಪಟ್ಟಿ ತುಂಡಾಗಿದೆಯಾ, ಎಕ್ಸ್‌ಟ್ರಾ ಪಟ್ಟಿ ಹಾಕಿಸಿದ್ದಾರಾ? ಎಕ್ಸ್‌ಟ್ರಾ ಪಟ್ಟಿ ತಪ್ಪಲ್ಲ, ಆದರೆ ಹಿಂದಿನವರು ಎಷ್ಟು ಲೋಡ್ ಹೊಡೆಯುತ್ತಿದ್ದರು ಎಂದು ಅದು ಹೇಳುತ್ತದೆ. ಹಿಂದಿನ ಚಕ್ರ ತಿರುಗಿಸುವ ಉದ್ದ ಕೊಳವೆ, ಪ್ರೊಪೆಲ್ಲರ್ ಶಾಫ್ಟನ್ನು ಕೈಯಲ್ಲಿ ಹಿಡಿದು ತಿರುಚಿ. ಜಾಯಿಂಟ್ ಕ್ರಾಸಿನಲ್ಲಿ ಕಟಕಟ ಆಟ ಇದ್ದರೆ ಅದರ ಖರ್ಚು ಬರೆದುಕೊಳ್ಳಿ.

2018 ಮತ್ತು 2019ರ ಪ್ರವಾಹದಲ್ಲಿ ಕುಶಾಲನಗರದ ತಗ್ಗು ಬಡಾವಣೆಗಳಿಗೆ ಕಾವೇರಿ ನುಗ್ಗಿದ್ದು ನೆನಪಿದೆ ಅಲ್ವಾ? ಅದಕ್ಕೂ ಹಳೆಯ ಗಾಡಿಯಾದರೆ ಸೀಟಿನ ಅಡಿಯ ಕಂಬಿ, ಸೀಟ್ ಬೆಲ್ಟನ್ನು ಪೂರ್ತಿ ಎಳೆದಾಗ ಬರುವ ಕೊನೆಯ ಭಾಗ, ಡ್ಯಾಶ್‌ಬೋರ್ಡಿನ ಹಿಂದಿನ ವೈರ್ ಇವುಗಳಲ್ಲಿ ಒಣಗಿದ ಕೆಸರು ಇದೆಯಾ ಹುಡುಕಿ. ತೊಳೆಯುವವರಿಗೆ ಅಲ್ಲಿಗೆಲ್ಲ ಕೈ ಹೋಗುವುದಿಲ್ಲ.

4. ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿಸಿ

"ನಾನು ಬರುವ ತನಕ ಸ್ಟಾರ್ಟ್ ಮಾಡಬೇಡಿ ಅಣ್ಣ" ಎಂದು ಮೊದಲೇ ಫೋನಿನಲ್ಲಿ ಹೇಳಿ. ಹೋದ ಕೂಡಲೇ ಬಾನೆಟ್ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಎಂದೇ ಲೆಕ್ಕ. ಶುರುವಿನಲ್ಲಿ ಸ್ವಲ್ಪ ಬಿಳಿ ಹೊಗೆ ಮಡಿಕೇರಿಯ ಚಳಿಗೆ ಸಹಜ. ಎಂಜಿನ್ ಬಿಸಿಯಾದ ಮೇಲೂ ನಿಲ್ಲದಿದ್ದರೆ ತೊಂದರೆ. ನೀಲಿ ಹೊಗೆ ಅಂದರೆ ಆಯಿಲ್ ಸುಡುತ್ತಿದೆ. ಐಡ್ಲಿಂಗಿನಲ್ಲಿ ಆಯಿಲ್ ಮುಚ್ಚಳ ತೆಗೆದಾಗ ಹೊಗೆ ಬುಸುಬುಸು ಬಂದರೆ ಎಂಜಿನ್ ಬಿಚ್ಚುವ ಕಾಲ ಹತ್ತಿರ.

5. ಏರು, ಇಳಿಜಾರು ಎರಡೂ ಓಡಿಸಿ

ಸಮತಟ್ಟು ರಸ್ತೆಯ ಟೆಸ್ಟ್ ಡ್ರೈವ್ ಸುಮ್ನೆ. ಗಾಡಿಯ ಹಿಂದೆ ನಾಲ್ಕೈದು ಮೂಟೆ ಹಾಕಿಸಿ ಒಳ್ಳೆಯ ಏರಿಗೆ ಕರೆದುಕೊಂಡು ಹೋಗಿ.

ಮೊದಲು ಕ್ಲಚ್. ಖಾಲಿ ಜಾಗದಲ್ಲಿ ಹ್ಯಾಂಡ್ ಬ್ರೇಕ್ ಎಳೆದು, ಮೂರನೇ ಗೇರಿಗೆ ಹಾಕಿ, ಕ್ಲಚ್ ನಿಧಾನವಾಗಿ ಬಿಡಿ. ಎಂಜಿನ್ ಆಫ್ ಆಗಬೇಕು. ಆಗದೆ ಸುತ್ತುತ್ತಲೇ ಇದ್ದರೆ ಕ್ಲಚ್ ಜಾರುತ್ತಿದೆ. ಟ್ರೈಲರ್ ಎಳೆಯುವ ಗಾಡಿಯಲ್ಲಿ ಬೇಗ ಸವೆಯುವುದು ಇದೇ.

ಆಮೇಲೆ ಇಳಿಜಾರು. ಎರಡನೇ ಗೇರಿನಲ್ಲಿ ಇಳಿಯುತ್ತಾ ಆಕ್ಸಿಲೇಟರಿನಿಂದ ಕಾಲು ಪೂರ್ತಿ ತೆಗೆಯಿರಿ. ಗೇರ್ ಕಡ್ಡಿ ತಾನಾಗಿಯೇ ನ್ಯೂಟ್ರಲ್ಲಿಗೆ ಹಾರಿದರೆ ಆ ಗಾಡಿ ನಿಮಗೆ ಬೇಡ, ರೇಟು ಎಷ್ಟೇ ಇಳಿಸಲಿ. ಲೋಡಿನ ಟ್ರೈಲರ್ ಹಿಂದಿದ್ದಾಗ ಘಾಟಿಯಲ್ಲಿ ಗಾಡಿಯನ್ನು ಹಿಡಿಯುವುದು ಎಂಜಿನ್ ಬ್ರೇಕಿಂಗ್, ಅಂದರೆ ಕೆಳಗಿನ ಗೇರಿನಲ್ಲಿ ಎಂಜಿನ್ನೇ ವೇಗ ತಡೆಯುವುದು. ಬರೀ ಬ್ರೇಕ್ ತುಳಿಯುತ್ತಾ ಇಳಿದರೆ ಲೈನರ್ ಕಾದು ಹಿಡಿತವೇ ಇರುವುದಿಲ್ಲ. ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ಅಲ್ಲಿಂದ ಸಂಪಾಜೆಗಾಗಲಿ, ಪೆರುಂಬಾಡಿಯಿಂದ ಮಾಕುಟ್ಟಕ್ಕಾಗಲಿ ಇಳಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಳಿದ ಮೇಲೆ ಗಾಡಿ ನಿಲ್ಲಿಸಿ ಬ್ರೇಕ್ ಪೆಡಲ್ ಒತ್ತಿ ಹಿಡಿಯಿರಿ. ಕಾಲಡಿ ಮೆಲ್ಲಗೆ ಕೆಳಗೆ ಹೋಗಬಾರದು. ಫೋರ್ ವೀಲ್ ಇದ್ದರೆ ಒಣ ಡಾಂಬರಿನಲ್ಲಿ ಹಾಕಬೇಡಿ, ಮಣ್ಣಿನ ದಾರಿಯಲ್ಲಿ ಅದರ ಹೈ ಮತ್ತು ಲೋ ಗೇರ್ ಎರಡೂ ಹಾಕಿ ನೋಡಿ. ವರ್ಷಗಟ್ಟಲೆ ಮುಟ್ಟದೆ ಜಾಮ್ ಆಗಿರುವುದು ಮಾಮೂಲಿ.

6. ಕಾಗದಪತ್ರ

ಸರ್ಕಾರದ ಎಂ-ಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿದರೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್), ಇನ್ಶೂರೆನ್ಸ್ ತಾರೀಕು ಸಿಗುತ್ತವೆ. ಹಳದಿ ಬೋರ್ಡ್ ಗಾಡಿಗೆ ಎಂಟು ವರ್ಷದ ತನಕ ಎರಡು ವರ್ಷಕ್ಕೊಮ್ಮೆ ಎಫ್‌ಸಿ, ಆಮೇಲೆ ಪ್ರತಿ ವರ್ಷ. ಸಾಲ ಇದ್ದ ಗಾಡಿಯಾದರೆ ಅದು ತೀರಿದ್ದಕ್ಕೆ ಬ್ಯಾಂಕಿನಿಂದ ಫಾರ್ಮ್ 35, ಹೆಸರು ಬದಲಾವಣೆಗೆ ಫಾರ್ಮ್ 29 ಮತ್ತು 30. ಕುಟ್ಟ, ವಿರಾಜಪೇಟೆ ಕಡೆ ಕೇರಳದ ಗಾಡಿ ಅಗ್ಗಕ್ಕೆ ಬರುತ್ತೆ. ಅಲ್ಲಿನ ಎನ್‌ಒಸಿ (ನಿರಾಕ್ಷೇಪಣಾ ಪತ್ರ), ಇಲ್ಲಿನ ತೆರಿಗೆ, ಕೊಡಗಿನ ಕೆಎ-12 ನಂಬರಿನ ಓಡಾಟ ಎಲ್ಲ ಕೂಡಿಸಿದ ಮೇಲೂ ಅಗ್ಗವೇ ಅನಿಸಿದರೆ ತೆಗೆದುಕೊಳ್ಳಿ.

ರಸ್ತೆಗಿಳಿಯುವ ಟ್ರೈಲರಿಗೂ ಪ್ರತ್ಯೇಕ ನೋಂದಣಿ ಬೇಕು. ಪಿಕಪ್ಪಿನ ಇನ್ಶೂರೆನ್ಸ್ ಮಾಡಿಸುವಾಗ ಟ್ರೈಲರ್ ಎಳೆಯುವ ವಿಷಯ ಹೇಳಿ ಪಾಲಿಸಿಯಲ್ಲಿ ಸೇರಿಸಿಕೊಳ್ಳಿ.

ರೇಟು ಮಾತಾಡುವಾಗ ನಾಲ್ಕು ಟೈರ್, ಕ್ಲಚ್ ಸೆಟ್, ಬ್ರೇಕ್ ಲೈನರ್, ಗೇರ್ ಬಾಕ್ಸ್ ಮತ್ತು ಡಿಫರೆನ್ಷಿಯಲ್ ಆಯಿಲ್ ಇವುಗಳಲ್ಲಿ ಏನೇನು ಬದಲಿಸಬೇಕೋ ಅದರ ದುಡ್ಡನ್ನು ಓನರ್ ಎದುರೇ ಕಾಗದದಲ್ಲಿ ಬರೆದು ಕಳೆಯಿರಿ. ಟೈರಿನ ಪಕ್ಕದ ಕೊನೆಯ ನಾಲ್ಕು ಅಂಕಿ ಓದಿ: 2219 ಅಂದರೆ 2019ರ 22ನೇ ವಾರದ ಟೈರು. ಟೈರಿನ ಮೇಲಿನ ಗೀರು ಎಷ್ಟೇ ಆಳವಿರಲಿ, ಅಷ್ಟು ಹಳೆಯದು ಟ್ರೈಲರ್ ಕೆಲಸಕ್ಕೆ ಬೇಡ.