ಹಳೇ ಕಂಪ್ಯೂಟರ್‌ನಲ್ಲಿ ಭಾರಿ ವಿಮಾನ ಹಾರುತ್ತಾ? ದುಡ್ಡು ಕೊಡುವ ಮುಂಚೆ ಹೀಗೆ ನೋಡಿ

ಫ್ಲೈಟ್ ಸಿಮ್ಯುಲೇಟರ್ (ಕಂಪ್ಯೂಟರ್‌ನಲ್ಲಿ ವಿಮಾನ ಹಾರಿಸುವ ಆಟ) ಜೊತೆಗೇ ಬರುವ ಪುಟ್ಟ ವಿಮಾನ ಸೆಸ್ನಾ 172 ನಿಮ್ಮ ಹಳೇ ಕಂಪ್ಯೂಟರ್‌ನಲ್ಲಿ ಸಲೀಸಾಗಿ ಹಾರುತ್ತಿರಬಹುದು. ಹಾಗಾದರೆ ಬೇರೆ ಕಂಪನಿಗಳು ದುಡ್ಡಿಗೆ ಮಾರುವ ದೊಡ್ಡ ವಿಮಾನಗಳು, ಅಂದರೆ ಪಿಎಂಡಿಜಿಯವರ ಬೋಯಿಂಗ್ 737, ಫೆನಿಕ್ಸ್‌ನವರ ಏರ್‌ಬಸ್ ಎ320 ಕೂಡ ಹಾರಬೇಕಲ್ವಾ? ಹಾಗೇನಿಲ್ಲ. ಸೆಸ್ನಾ ಚೆನ್ನಾಗಿ ಓಡಿತು ಅನ್ನುವ ಒಂದೇ ಧೈರ್ಯದ ಮೇಲೆ ದೊಡ್ಡ ಆಡ್-ಆನ್ (ಸಿಮ್ಯುಲೇಟರ್‌ಗೆ ಮೇಲಿಂದ ಸೇರಿಸುವ ಭಾಗ) ಕೊಂಡು ಆಮೇಲೆ ಬೇಸರ ಪಡುವವರು ಬಹಳ. ಕೊಳ್ಳುವ ಮುಂಚೆ ಒಂದು ಸಂಜೆ ಕೂತು ಪರೀಕ್ಷೆ ಮಾಡಿದರೆ ಉತ್ತರ ನಿಮ್ಮ ಕಣ್ಣೆದುರೇ ಇರುತ್ತದೆ.

ಮೊದಲು, ಈ ವಿಮಾನಗಳು ಯಾಕೆ ಇಷ್ಟು ಭಾರ ಅಂತ ತಿಳಿದುಕೊಳ್ಳೋಣ. ನೋಡಲು ಚೆಂದ ಇರುವುದು ಒಂದು ಕಾರಣ ಅಷ್ಟೇ. ಕಾಕ್‌ಪಿಟ್‌ನಲ್ಲಿ ಐದಾರು ಪರದೆಗಳಿರುತ್ತವೆ. ಎತ್ತರ, ವೇಗ, ನಕ್ಷೆ, ಎಂಜಿನ್ ಅಳತೆ ಎಲ್ಲವನ್ನೂ ಅವು ಸೆಕೆಂಡಿಗೆ ಹಲವು ಸಲ ಹೊಸದಾಗಿ ಬರೆಯಬೇಕು. ಅದರ ಹಿಂದೆ ಹೈಡ್ರಾಲಿಕ್ಸ್, ವಿದ್ಯುತ್, ಇಂಧನ, ಆಟೋಪೈಲಟ್, ಮಾರ್ಗ ಲೆಕ್ಕ ಹಾಕುವ ಕಂಪ್ಯೂಟರ್ ಎಲ್ಲವೂ ನಿಜವಾಗಿ ಕೆಲಸ ಮಾಡುತ್ತಿರುತ್ತವೆ. ಒಂದು ಪಂಪ್ ಆಫ್ ಮಾಡಿದರೆ ಒತ್ತಡ ಇಳಿಯುವುದನ್ನೂ ಲೆಕ್ಕ ಹಾಕಬೇಕು. ಈ ಕೆಲಸದ ಜಾಸ್ತಿ ಪಾಲು ಬೀಳುವುದು ಪ್ರೊಸೆಸರ್ ಮೇಲೆ, ಗ್ರಾಫಿಕ್ಸ್ ಕಾರ್ಡ್ ಮೇಲಲ್ಲ. ಗ್ರಾಫಿಕ್ಸ್ ಕಾರ್ಡ್‌ನ ಮೆಮೊರಿಯನ್ನು ತಿನ್ನುವುದು ಕಾಕ್‌ಪಿಟ್‌ನ ಟೆಕ್ಸ್ಚರ್‌ಗಳು, ಅಂದರೆ ಮೇಲ್ಮೈಗೆ ಹೊದಿಸುವ ಚಿತ್ರಗಳು.

ಹಂತ 1: ನಿಮ್ಮ ಬಳಿ ಏನಿದೆ ನೋಡಿ

ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್ ಪುಟಕ್ಕೆ ಹೋಗಿ. ಪ್ರೊಸೆಸರ್ ಹೆಸರು, ರ‍್ಯಾಮ್ ಎಷ್ಟು, ಗ್ರಾಫಿಕ್ಸ್ ಕಾರ್ಡ್ ಯಾವುದು, ಅದರ ಸ್ವಂತ ಮೆಮೊರಿ ಎಷ್ಟು, ಹಾರ್ಡ್ ಡಿಸ್ಕೋ ಎಸ್‌ಎಸ್‌ಡಿಯೋ, ಇಷ್ಟನ್ನು ಬರೆದಿಟ್ಟುಕೊಳ್ಳಿ.

ಇದನ್ನು ಸಿಮ್ಯುಲೇಟರ್ ಕೇಳುವ ಕನಿಷ್ಠ ಅಳತೆಯ ಜೊತೆ ಹೋಲಿಸಿ. 2020ರ ಆಗಸ್ಟ್‌ನಲ್ಲಿ ಬಂದ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್‌ಗೆ ಕನಿಷ್ಠ ಅಂದರೆ ಇಂಟೆಲ್ ಐ5-4460 ಅಥವಾ ರೈಜನ್ 3 1200, 8 ಜಿಬಿ ರ‍್ಯಾಮ್, 2 ಜಿಬಿ ಮೆಮೊರಿ ಇರುವ ಜಿಟಿಎಕ್ಸ್ 770ರಂಥ ಕಾರ್ಡ್ ಬೇಕು. ಶಿಫಾರಸು ಮಾಡಿದ್ದು 16 ಜಿಬಿ ರ‍್ಯಾಮ್ ಮತ್ತು 4 ಜಿಬಿಯ ಜಿಟಿಎಕ್ಸ್ 970. 2024ರ ಆವೃತ್ತಿಗೆ ಕನಿಷ್ಠವೇ 16 ಜಿಬಿ ರ‍್ಯಾಮ್. ಒಂದು ಮಾತು ನೆನಪಿಡಿ: ಈ ಅಳತೆಗಳು ಸಿಮ್ಯುಲೇಟರ್ ಓಡಲು ಸಾಕು ಅನ್ನುತ್ತವೆ, ಅಷ್ಟೇ. ಅದರ ಮೇಲೆ ನೀವು ಹೇರುವ ಆಡ್-ಆನ್ ಲೆಕ್ಕ ಅವುಗಳಲ್ಲಿ ಸೇರಿಲ್ಲ. ದೊಡ್ಡ ವಿಮಾನ ಬೇಕಿದ್ದರೆ ಶಿಫಾರಸು ಮಾಡಿದ ಅಳತೆಯನ್ನೇ ಕನಿಷ್ಠ ಅಂತ ಇಟ್ಟುಕೊಳ್ಳುವುದು ಒಳ್ಳೆಯದು.

ಹಂತ 2: ಕಷ್ಟದ ಜಾಗದಲ್ಲಿ ಅಳೆಯಿರಿ

ಆಕಾಶದಲ್ಲಿ 30,000 ಅಡಿ ಎತ್ತರದಲ್ಲಿ ಎಲ್ಲ ಕಂಪ್ಯೂಟರ್‌ಗಳೂ ಚೆನ್ನಾಗೇ ಓಡುತ್ತವೆ. ಒದ್ದಾಡುವುದು ದೊಡ್ಡ ವಿಮಾನ ನಿಲ್ದಾಣದ ಗೇಟಿನಲ್ಲಿ, ಮತ್ತು ಇಳಿಯುವ ಕೊನೆಯ ಐದು ನಿಮಿಷದಲ್ಲಿ. ಹಾಗಾಗಿ ಪರೀಕ್ಷೆಯನ್ನೂ ಅಲ್ಲೇ ಮಾಡಿ. ಒಂದು ದೊಡ್ಡ ನಿಲ್ದಾಣ ಆರಿಸಿ, ಮಧ್ಯಾಹ್ನದ ಹೊತ್ತು, ಮೋಡ ಸ್ವಲ್ಪ ಇರುವ ಒಂದೇ ಹವಾಮಾನ, ಕಾಕ್‌ಪಿಟ್ ಒಳಗಿನ ನೋಟ. ಪ್ರತಿ ಸಲ ಇದೇ ಜಾಗ, ಇದೇ ಹೊತ್ತು, ಇದೇ ಹವೆ ಇರಬೇಕು. ಇಲ್ಲದಿದ್ದರೆ ಹೋಲಿಕೆಗೆ ಅರ್ಥವೇ ಇಲ್ಲ.

ಈಗ ಸೆಸ್ನಾದಲ್ಲಿ ಕೂತು ಸೆಕೆಂಡಿಗೆ ಎಷ್ಟು ಫ್ರೇಮ್ (ಪರದೆಯ ಮೇಲೆ ಹೊಸದಾಗಿ ಮೂಡುವ ಚಿತ್ರ) ಬರುತ್ತಿದೆ ನೋಡಿ. ಮೈಕ್ರೋಸಾಫ್ಟ್ ಸಿಮ್ಯುಲೇಟರ್‌ನಲ್ಲಿ ಡೆವಲಪರ್ ಮೋಡ್ ಆನ್ ಮಾಡಿದರೆ ಇದನ್ನು ತೋರಿಸುವ ಪೆಟ್ಟಿಗೆ ಸಿಗುತ್ತದೆ. ಇನ್ನೊಂದು ಸಿಮ್ಯುಲೇಟರ್ ಎಕ್ಸ್-ಪ್ಲೇನ್‌ನಲ್ಲಿ ಡೇಟಾ ಔಟ್‌ಪುಟ್ ಪುಟದಲ್ಲಿ ಫ್ರೇಮ್ ರೇಟ್ ಸಾಲಿಗೆ ಟಿಕ್ ಹಾಕಿ. ಮೈಕ್ರೋಸಾಫ್ಟ್‌ನದೇ ಹಳೇ ಸಿಮ್ಯುಲೇಟರ್ ಎಫ್‌ಎಸ್‌ಎಕ್ಸ್‌ನಲ್ಲಿ ಶಿಫ್ಟ್ ಒತ್ತಿ ಹಿಡಿದು ಝೆಡ್ ಕೀಲಿಯನ್ನು ಕೆಲವು ಸಲ ಒತ್ತಿದರೆ ಸಾಕು.

ಸಿಕ್ಕ ಸಂಖ್ಯೆಯನ್ನು ಹಾಗೇ ನೋಡಬೇಡಿ, ಸಮಯಕ್ಕೆ ಬದಲಿಸಿ. ಇಲ್ಲೇ ವಿಷಯ ಇರುವುದು. 1,000ವನ್ನು ಆ ಸಂಖ್ಯೆಯಿಂದ ಭಾಗಿಸಿದರೆ ಒಂದು ಫ್ರೇಮಿಗೆ ಎಷ್ಟು ಮಿಲಿಸೆಕೆಂಡ್ ಅಂತ ಗೊತ್ತಾಗುತ್ತದೆ. 60 ಫ್ರೇಮ್ ಅಂದರೆ ಸುಮಾರು 17 ಮಿಲಿಸೆಕೆಂಡ್. ದೊಡ್ಡ ವಿಮಾನ ಅದಕ್ಕೆ 10 ಸೇರಿಸಿತು ಅಂತ ಇಟ್ಟುಕೊಳ್ಳಿ. 27 ಆಯಿತು, ಅಂದರೆ 37 ಫ್ರೇಮ್. ಆರಾಮಾಗಿ ಹಾರಬಹುದು. ಅದೇ ನಿಮ್ಮ ಸೆಸ್ನಾ 30 ಫ್ರೇಮ್ ಕೊಡುತ್ತಿದ್ದರೆ ಈಗಾಗಲೇ 33 ಮಿಲಿಸೆಕೆಂಡ್ ಖರ್ಚಾಗಿದೆ. ಇನ್ನೊಂದು 10 ಸೇರಿದರೆ 43, ಅಂದರೆ 23 ಫ್ರೇಮ್. ಸೆಸ್ನಾದಲ್ಲಿ 30 ಬಂದರೆ ಸಾಕು ಅನ್ನುವ ಸಮಾಧಾನ ದೊಡ್ಡ ವಿಮಾನಕ್ಕೆ ಯಾಕೆ ನಡೆಯಲ್ಲ ಅಂತ ಈ ಲೆಕ್ಕದಿಂದಲೇ ತಿಳಿಯುತ್ತದೆ.

ಏರ್‌ಲೈನರ್ ಹಾರಿಸಲು 60 ಫ್ರೇಮ್ ಬೇಕಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಏರಿಳಿತ ಇಲ್ಲದೆ ನಿಂತ 30 ಸಾಕು. 25ಕ್ಕೂ 50ಕ್ಕೂ ನಡುವೆ ಜಿಗಿದಾಡುವುದಕ್ಕಿಂತ ಅದು ಎಷ್ಟೋ ಮೇಲು. ಆದರೆ 20ರ ಕೆಳಗೆ ಹೋಗಬೇಡಿ. ಎಕ್ಸ್-ಪ್ಲೇನ್ ಅಂತೂ ಸುಮಾರು ಆ ಮಟ್ಟಕ್ಕಿಂತ ಇಳಿದರೆ ಹಾರಾಟದ ಲೆಕ್ಕ ಕೆಡಬಾರದು ಅಂತ ಸಿಮ್ಯುಲೇಟರ್ ಒಳಗಿನ ಸಮಯವನ್ನೇ ನಿಧಾನ ಮಾಡುತ್ತದೆ.

ಹಂತ 3: ತಡೆಯುತ್ತಿರುವುದು ಯಾವುದು?

ಟಾಸ್ಕ್ ಮ್ಯಾನೇಜರ್‌ನಲ್ಲಿ ಪ್ರೊಸೆಸರ್ ಬಳಕೆ 30 ಪರ್ಸೆಂಟ್ ಅಂತ ಇದ್ದರೆ ಇನ್ನೂ 70 ಉಳಿದಿದೆ ಅಂದುಕೊಳ್ಳಬೇಡಿ. ಸಿಮ್ಯುಲೇಟರ್‌ನ ಮುಖ್ಯ ಕೆಲಸ ಒಂದೇ ಥ್ರೆಡ್‌ನಲ್ಲಿ (ಪ್ರೊಸೆಸರ್‌ನಲ್ಲಿ ಕೆಲಸ ಸಾಗುವ ಒಂದು ಸಾಲು) ಸಾಗುತ್ತದೆ. 8 ಥ್ರೆಡ್‌ನ ಪ್ರೊಸೆಸರ್‌ನಲ್ಲಿ ಒಂದು ಥ್ರೆಡ್ ಪೂರ್ತಿ ಸುಸ್ತಾದರೂ ಒಟ್ಟು ಬಳಕೆಯಲ್ಲಿ ಅದರ ಪಾಲು ಕಾಣುವುದು ಬರೀ 12.5 ಪರ್ಸೆಂಟ್. ಹಾಗಾಗಿ ಹೆಚ್ಚು ಕೋರ್ (ಪ್ರೊಸೆಸರ್‌ನೊಳಗಿನ ಲೆಕ್ಕ ಹಾಕುವ ಘಟಕ) ಇರುವ ಹಳೇ ಪ್ರೊಸೆಸರ್‌ಗಿಂತ ಕಡಿಮೆ ಕೋರ್ ಇದ್ದರೂ ಒಂದೊಂದು ಕೋರ್ ಚುರುಕಾಗಿರುವ ಪ್ರೊಸೆಸರ್ ಇಲ್ಲಿ ಗೆಲ್ಲುತ್ತದೆ.

ಪತ್ತೆ ಮಾಡುವ ದಾರಿ ಸುಲಭ. ಸೆಟ್ಟಿಂಗ್‌ನಲ್ಲಿ ರೆಸಲ್ಯೂಶನ್ ಅಥವಾ ರೆಂಡರ್ ಸ್ಕೇಲಿಂಗ್ (ಚಿತ್ರವನ್ನು ಎಷ್ಟು ಸೂಕ್ಷ್ಮವಾಗಿ ಬಿಡಿಸಬೇಕು ಅನ್ನುವುದು) ಅನ್ನು ಅರ್ಧಕ್ಕೆ ಇಳಿಸಿ. ಫ್ರೇಮ್ ಜೋರಾಗಿ ಏರಿತಾ? ತಡೆದಿದ್ದು ಗ್ರಾಫಿಕ್ಸ್ ಕಾರ್ಡ್. ಹೆಚ್ಚುಕಡಿಮೆ ಹಾಗೇ ಉಳಿಯಿತಾ? ಪ್ರೊಸೆಸರ್. ಮೈಕ್ರೋಸಾಫ್ಟ್‌ನ ಆ ಪೆಟ್ಟಿಗೆ ಮೇನ್‌ಥ್ರೆಡ್ (ಪ್ರೊಸೆಸರ್) ತಡೆದಿದೆಯೋ ಜಿಪಿಯು (ಗ್ರಾಫಿಕ್ಸ್ ಕಾರ್ಡ್) ತಡೆದಿದೆಯೋ ಅಂತ ನೇರವಾಗಿಯೇ ಬರೆದು ತೋರಿಸುತ್ತದೆ.

ಗ್ರಾಫಿಕ್ಸ್ ಕಾರ್ಡ್ ತಡೆಯಾಗಿದ್ದರೆ ಅದು ಒಳ್ಳೆಯ ಸುದ್ದಿ. ಮೋಡ, ನೆರಳು, ಆಂಟಿ-ಅಲಿಯಾಸಿಂಗ್ (ಚಿತ್ರದ ಅಂಚು ನಯ ಮಾಡುವುದು) ಇಳಿಸಿ ಜಾಗ ಮಾಡಿಕೊಳ್ಳಬಹುದು. ಪ್ರೊಸೆಸರ್ ತಡೆಯಾಗಿದ್ದರೆ ಸೆಸ್ನಾದಿಂದ 737ಗೆ ಹೋಗುವುದು ಕಷ್ಟ, ಯಾಕೆಂದರೆ ಹೊಸ ಹೊರೆ ಬೀಳುವುದೂ ಅದರ ಮೇಲೇ.

ಹಂತ 4: ಪುಕ್ಕಟೆ ವಿಮಾನದಲ್ಲಿ ಪರೀಕ್ಷೆ ಮಾಡಿ

ಇದೊಂದನ್ನು ದಯವಿಟ್ಟು ಬಿಡಬೇಡಿ. ಮೈಕ್ರೋಸಾಫ್ಟ್ ಸಿಮ್ಯುಲೇಟರ್‌ಗೆ ಫ್ಲೈಬೈವೈರ್ ತಂಡದ ಎ32ಎನ್‌ಎಕ್ಸ್ (ಏರ್‌ಬಸ್ ಎ320ನಿಯೋ) ಇದೆ. ಎಕ್ಸ್-ಪ್ಲೇನ್‌ಗೆ ಝೀಬೋ 737 ಇದೆ. ಎರಡೂ ಪೂರ್ತಿ ಉಚಿತ. ಎರಡರಲ್ಲೂ ಸಿಸ್ಟಮ್‌ಗಳು ಆಳವಾಗಿವೆ, ಅಂದರೆ ದುಡ್ಡಿನ ವಿಮಾನಗಳ ಹೊರೆ ಹೇಗಿರುತ್ತದೆ ಅನ್ನುವ ಅಂದಾಜು ಕೊಡುತ್ತವೆ. ಅದೇ ಗೇಟು, ಅದೇ ಹೊತ್ತು, ಅದೇ ಹವೆಯಲ್ಲಿ ಇವುಗಳನ್ನು ನಿಲ್ಲಿಸಿ ಫ್ರೇಮ್ ಬರೆದುಕೊಳ್ಳಿ. ಎಲ್ಲ ಪರದೆ ಆನ್ ಮಾಡಿ, ಮಾರ್ಗ ತುಂಬಿಸಿ, ಒಂದು ಗಂಟೆಯ ಹಾರಾಟ ಮುಗಿಸಿ ಇಳಿಯಿರಿ. ಗೇಟಿನಲ್ಲಿ ಚೆನ್ನಾಗಿದ್ದು ಗಂಟೆ ಕಳೆದ ಮೇಲೆ ಮುಗ್ಗರಿಸಿದರೆ ರ‍್ಯಾಮ್ ತುಂಬಿದೆ ಅಥವಾ ಕಂಪ್ಯೂಟರ್ ಕಾದಿದೆ ಅಂತ ಅನುಮಾನಿಸಿ.

ಎಕ್ಸ್-ಪ್ಲೇನ್ ಇನ್ನೂ ಕೊಂಡಿಲ್ಲ ಅನ್ನುವವರಿಗೆ ಅದರ ಉಚಿತ ಡೆಮೊ ಇದೆ. ಮೊದಲು ಅದರಲ್ಲಿ ನೋಡಿ.

ಹಂತ 5: ಏನನ್ನು ಇಳಿಸಬೇಕು

ಸುಮ್ನೆ ಎಲ್ಲವನ್ನೂ ಲೋ ಮಾಡಬೇಡಿ. ಪ್ರೊಸೆಸರ್‌ಗೆ ಉಸಿರು ಬಿಡಲು ಕೊಡುವ ಸೆಟ್ಟಿಂಗ್‌ಗಳು ಕೆಲವೇ. ಮೈಕ್ರೋಸಾಫ್ಟ್‌ನಲ್ಲಿ ಟೆರೇನ್ ಲೆವೆಲ್ ಆಫ್ ಡೀಟೇಲ್ (ನೆಲದ ದೃಶ್ಯ ಎಷ್ಟು ವಿವರವಾಗಿರಬೇಕು ಅನ್ನುವುದು), ಸುತ್ತಲಿನ ವಿಮಾನ ಮತ್ತು ವಾಹನಗಳ ಸಂಖ್ಯೆ, ಗ್ಲಾಸ್ ಕಾಕ್‌ಪಿಟ್ ರಿಫ್ರೆಶ್ ರೇಟ್ (ಕಾಕ್‌ಪಿಟ್ ಪರದೆಗಳನ್ನು ಹೊಸದಾಗಿ ಬರೆಯುವ ವೇಗ). ಎಕ್ಸ್-ಪ್ಲೇನ್‌ನಲ್ಲಿ ವರ್ಲ್ಡ್ ಆಬ್ಜೆಕ್ಟ್‌ಗಳ (ಕಟ್ಟಡ, ಮರಗಳಂಥವು) ಸಂಖ್ಯೆ, ಎಕ್ಸ್-ಪ್ಲೇನ್ 11 ಆದರೆ ರಿಫ್ಲೆಕ್ಷನ್ ಕೂಡ. ಒಂದೊಂದನ್ನೇ ಇಳಿಸಿ, ಪ್ರತಿ ಸಲ ಅಳೆಯಿರಿ. ಕಾರ್ಡ್‌ನ ಮೆಮೊರಿ ತುಂಬಿದ್ದರೆ ಟೆಕ್ಸ್ಚರ್ ಒಂದು ಮಟ್ಟ ಇಳಿಸಿ. ಮೆಮೊರಿ ಉಕ್ಕಿದಾಗ ಚಿತ್ರ ಸರಾಗವಾಗಿ ನಿಧಾನವಾಗುವುದಿಲ್ಲ, ತಲೆ ತಿರುಗಿಸಿದಾಗೆಲ್ಲ ಜರ್ಕ್ ಹೊಡೆಯುತ್ತದೆ. ಗುರುತು ಹಿಡಿಯುವುದು ಸುಲಭ.

ಯಂತ್ರದ ಕಡೆ ಮಾಡಬಹುದಾದ್ದೂ ಇದೆ. 8 ಜಿಬಿ ರ‍್ಯಾಮ್ ಅನ್ನು 16ಕ್ಕೆ ಏರಿಸಿ, ಒಂದೇ ಕಡ್ಡಿಯ ಬದಲು ಜೋಡಿ ಕಡ್ಡಿ ಹಾಕಿ. ಫ್ಯಾನಿನ ಧೂಳು ತೆಗೆಯಿರಿ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿಯೇ ಓಡಿಸಿ. ಎಸ್‌ಎಸ್‌ಡಿ ಹಾಕಿದರೆ ಲೋಡಿಂಗ್ ಬೇಗ ಆಗುತ್ತದೆ, ದೃಶ್ಯ ಬದಲಾಗುವಾಗಿನ ಮುಗ್ಗರಿಕೆ ಕಡಿಮೆಯಾಗುತ್ತದೆ. ಫ್ರೇಮ್ ಮಾತ್ರ ಏರುವುದಿಲ್ಲ.

ಹಂತ 6: ಹಳೇ ಸಿಮ್ಯುಲೇಟರ್ ಕೂಡ ಒಂದು ದಾರಿ

ಹೊಸದು ಓಡಲಿಲ್ಲ ಅಂದರೆ ಎಕ್ಸ್-ಪ್ಲೇನ್ 11 ನೋಡಿ. 2017ರದು. 2020ರ 11.50 ಆವೃತ್ತಿಯಲ್ಲಿ ವಲ್ಕನ್ (ಗ್ರಾಫಿಕ್ಸ್ ಕಾರ್ಡ್‌ಗೆ ಕೆಲಸ ಹೇಳುವ ಹೊಸ ವಿಧಾನ) ಬಂದ ಮೇಲೆ ಹಳೇ ಯಂತ್ರಗಳಲ್ಲೂ ಮುಗ್ಗರಿಕೆ ಎಷ್ಟೋ ಕಡಿಮೆಯಾಯಿತು. ಝೀಬೋದ ಹಳೇ ಆವೃತ್ತಿ ಅದರಲ್ಲೂ ಹಾರುತ್ತದೆ. ನನ್ನನ್ನು ಕೇಳಿದರೆ ಹಳೇ ಕಂಪ್ಯೂಟರ್‌ಗೆ ಇದಕ್ಕಿಂತ ಒಳ್ಳೆ ಜೋಡಿ ಇಲ್ಲ.

2006ರ ಎಫ್‌ಎಸ್‌ಎಕ್ಸ್ ನಿಮ್ಮ ಬಳಿ ಇದ್ದರೆ ಅದರ ತೊಂದರೆ ಬೇರೆ. ಅದು 32-ಬಿಟ್ ಪ್ರೋಗ್ರಾಂ. ನಿಮ್ಮಲ್ಲಿ 32 ಜಿಬಿ ರ‍್ಯಾಮ್ ಇದ್ದರೂ ಅದು 4 ಜಿಬಿ ದಾಟಿ ಬಳಸಲಾರದು. ದೊಡ್ಡ ವಿಮಾನ, ದೊಡ್ಡ ನಿಲ್ದಾಣ, ಸೂಕ್ಷ್ಮ ಟೆಕ್ಸ್ಚರ್ ಮೂರೂ ಸೇರಿದರೆ ಇಳಿಯುವ ಹೊತ್ತಿಗೆ ಔಟ್ ಆಫ್ ಮೆಮೊರಿ ಅಂತ ಮುಚ್ಚಿಕೊಳ್ಳುತ್ತದೆ. ಅಲ್ಲಿ ಪಿಎಂಡಿಜಿ 737 ಹಾರಿಸಬೇಕಿದ್ದರೆ ನಿಲ್ದಾಣದ ಆಡ್-ಆನ್‌ಗಳನ್ನು ಬಿಡಿ, ಟೆಕ್ಸ್ಚರ್ ಇಳಿಸಿ.

ಎಲ್ಲ ಪರೀಕ್ಷೆ ಮುಗಿದು ಕೊಳ್ಳುವ ತೀರ್ಮಾನ ಮಾಡಿದಿರಿ ಅಂತಾದರೆ, ಮೊದಲು ಮಾರುವವರ ವಾಪಸಾತಿ ನಿಯಮ ಓದಿ. ಡೌನ್‌ಲೋಡ್ ಆದ ಮೇಲೆ ದುಡ್ಡು ವಾಪಸ್ ಇಲ್ಲ ಅನ್ನುವ ಆಡ್-ಆನ್ ಅಂಗಡಿಗಳಿವೆ. ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಕೊಂಡ ಆಟಕ್ಕಾದರೆ 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆ ಇದ್ದರೆ ವಾಪಸ್ ಕೇಳಬಹುದು. ಆದರೆ 2020ರ ಮೈಕ್ರೋಸಾಫ್ಟ್ ಸಿಮ್ಯುಲೇಟರ್ ತನ್ನ ದೊಡ್ಡ ಡೌನ್‌ಲೋಡನ್ನು ಆಟದ ಒಳಗೇ ನಡೆಸುತ್ತದೆ. ಆ ಹೊತ್ತೂ ಆಡಿದ ಸಮಯದ ಲೆಕ್ಕಕ್ಕೆ ಸೇರಿಬಿಡುತ್ತದೆ. ಇಂಟರ್ನೆಟ್ ನಿಧಾನ ಇದ್ದರೆ ಒಂದು ಸಲವೂ ಹಾರುವ ಮುಂಚೆ ಆ 2 ಗಂಟೆ ಮುಗಿದಿರಬಹುದು.